ಜಿನನಾಥಪುರಕ್ಕೆ ಯಾವ ನಗರ ಹತ್ತಿರ?

ಕಿರಿಯ: ಮೇಷ್ಟ್ರೇ, ಬೆಂಗಳೂರಿನಲ್ಲಿ ದುಡಿಯುವವರು ಹಳ್ಳಿಯ ಕಡೆ ಮನೆ ಮಾಡಿಕೊಂಡು ಯಾಕೆ ಇರಬಾರದು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಜಿನನಾಥಪುರವನ್ನೇ ತೆಗೆದುಕೊಳ್ಳಿ. ಚಿಕ್ಕಬೆಟ್ಟದ ಬಡಗಣ ಮಗ್ಗುಲಲ್ಲಿದೆ, ಶ್ರವಣಬೆಳಗೊಳಕ್ಕೆ ಒಂದು ಕಿಲೋಮೀಟರಿನ ಮಾತು. ಹಿರೀಸಾವೆಗೆ ಹೋದರೆ ಬೆಂಗಳೂರು–ಮಂಗಳೂರು ಹೆದ್ದಾರಿ ಸಿಗುತ್ತದೆ. 2017ರ ಮಾರ್ಚಿನಿಂದ ಬೆಂಗಳೂರು–ಹಾಸನ ರೈಲು ಕುಣಿಗಲ್, ಎಡಿಯೂರಿನ ಮೇಲೆ ಬಂದು ಬೆಳಗೊಳದಲ್ಲೇ ನಿಲ್ಲುತ್ತದೆ. ಇಂಥ ಜಾಗದಲ್ಲಿ ಅಚ್ಚುಕಟ್ಟಾದ ಇನ್ನೂರು ಮನೆಗಳ ಒಂದು ಟೌನ್‌ಶಿಪ್ ಎದ್ದರೆ ತಪ್ಪೇನು? ಬೆಂಗಳೂರಿನ ಹೊರೆ ಸ್ವಲ್ಪ ಇಳಿಯುತ್ತದೆ, ಹಳ್ಳಿಗೂ ನಾಲ್ಕು ಕಾಸು ಬರುತ್ತದೆ, ಮನೆಯವರಿಗೆ ಒಳ್ಳೆಯ ಗಾಳಿ ಸಿಗುತ್ತದೆ.

ಹಿರಿಯ: ಮನೆ ಏಳುವುದರಲ್ಲಿ ತಪ್ಪಿಲ್ಲ ಕಣಪ್ಪ. ಆದರೆ ಆ ಮನೆಗಳು ಯಾವ ನಗರವನ್ನು ನೋಡಿಕೊಂಡು ಏಳುತ್ತವೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಲೆಕ್ಕ ಹಾಕಿ ನೋಡೋಣ. ಇಲ್ಲಿಂದ ಬೆಂಗಳೂರಿಗೆ ಸುಮಾರು 145 ಕಿಲೋಮೀಟರ್. ನೆಲಮಂಗಲದವರೆಗೆ ಗಾಡಿ ಸಲೀಸಾಗಿ ಓಡುತ್ತದೆ. ಅಲ್ಲಿಂದ ಪೀಣ್ಯ, ಗೊರಗುಂಟೆಪಾಳ್ಯ ದಾಟುವುದು ಏನೆಂದು ಹಾಸನದ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ ಅಂದುಕೊಂಡರೂ ದಿನಕ್ಕೆ ಐದು ಗಂಟೆಯಾಯಿತು. ವಾರಕ್ಕೆ ಐದು ದಿನ ಓಡಾಡಿದರೆ 25 ಗಂಟೆ, ಅಂದರೆ ಏಳು ದಿನಗಳಲ್ಲಿ ಒಂದು ಪೂರ್ತಿ ಹಗಲು ರಾತ್ರಿ ದಾರಿಯಲ್ಲೇ ಕಳೆಯಿತು. ಒಳ್ಳೆಯ ಗಾಳಿಗೆಂದು ಬಂದವನು ಬೆಳಗಿನ ಜಾವ ಹೊರಟು ಮಕ್ಕಳು ಮಲಗಿದ ಮೇಲೆ ಮನೆ ಸೇರಿದರೆ ಆ ಗಾಳಿ ಕುಡಿಯುವವರು ಯಾರು? ಅದೇ ಜಿನನಾಥಪುರದಿಂದ ಚನ್ನರಾಯಪಟ್ಟಣಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್, ಹಾಸನಕ್ಕೆ ಐವತ್ತರ ಆಸುಪಾಸು. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಮೆಡಿಕಲ್ ಕಾಲೇಜಿದೆ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ, ಜಿಲ್ಲೆಯ ಕಚೇರಿ ಕೋರ್ಟುಗಳಿವೆ. ಚನ್ನರಾಯಪಟ್ಟಣದಲ್ಲಿ ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಈ ಓಡಾಟದ ಬಸ್ ಚಾರ್ಜೂ ಇಲ್ಲ. ನಿತ್ಯ ಹೋಗಿ ಬರುವ ದೂರ ಅಂದರೆ ಇದು. ಜಿನನಾಥಪುರಕ್ಕೆ ಹತ್ತಿರದ ನಗರ ಯಾವುದೆಂದು ಕೇಳಿದರೆ ನಾನು ಚನ್ನರಾಯಪಟ್ಟಣ, ಆಮೇಲೆ ಹಾಸನ ಅನ್ನುತ್ತೇನೆ.

ಕಿರಿಯ: ಆದರೆ ಚನ್ನರಾಯಪಟ್ಟಣದ ಸಂಬಳ ನಂಬಿಕೊಂಡು ಯಾರೂ ಟೌನ್‌ಶಿಪ್ ಕಟ್ಟುವುದಿಲ್ಲವಲ್ಲ. ಬಡಾವಣೆ ಮಾಡುವವನ ಕಣ್ಣಿರುವುದು ಬೆಂಗಳೂರಿನ ದುಡ್ಡಿನ ಮೇಲೆ. ಅಲ್ಲದೆ ನೀವು ಹಾಕಿದ್ದು ದಿನಾ ಆಫೀಸಿಗೆ ಹೋಗುವವನ ಲೆಕ್ಕ. ಕೋವಿಡ್ ಬಂದ ಮೇಲೆ ವಾರಕ್ಕೆ ಎರಡು ದಿನ ಹೋದರೆ ಸಾಕು ಅನ್ನುವ ಕೆಲಸಗಳು ಎಷ್ಟೋ ಇವೆ. ಅವರಿಗೆ ವಾರಕ್ಕೆ ಹತ್ತು ಗಂಟೆಯ ಪ್ರಯಾಣ ದೊಡ್ಡದಲ್ಲ. ಬೆಂಗಳೂರಿನ ಒಳಗೇ ಇರುವವರು ಅದಕ್ಕಿಂತ ಹೆಚ್ಚು ಹೊತ್ತು ಸಿಗ್ನಲ್ಲುಗಳಲ್ಲಿ ನಿಲ್ಲುತ್ತಾರೆ.

ಹಿರಿಯ: ಮನೆಯಿಂದಲೇ ಕೆಲಸ ಮಾಡುವವನ ವಿಷಯದಲ್ಲಿ ನಿನ್ನ ಮಾತು ಅರ್ಧ ಸರಿ. ಆದರೆ ಅವನಿಗೇ ಈ ಊರು ಎಲ್ಲರಿಗಿಂತ ಹೆಚ್ಚು ಬೇಕಾಗುತ್ತದೆ ನೋಡು. ವಾರದಲ್ಲಿ ಐದು ದಿನ ಅವನು ಇಲ್ಲೇ ಇರುತ್ತಾನೆ. ಮಕ್ಕಳ ಶಾಲೆ ಇಲ್ಲಿಯದೇ ಆಗಬೇಕು, ತಾಯಿಗೆ ರಾತ್ರಿ ಎದೆನೋವು ಬಂದರೆ ಆಸ್ಪತ್ರೆ ಇಲ್ಲಿಯದೇ ಆಗಬೇಕು, ಕರೆಂಟು, ನೀರು, ಸೊಪ್ಪು, ಹಾಲು ಎಲ್ಲವೂ ಇಲ್ಲಿಯದೇ. ಅಂದಮೇಲೆ ಬೆಂಗಳೂರಿನಿಂದ ಎಷ್ಟು ದೂರ ಅನ್ನುವ ಜಾಹೀರಾತಿನ ಲೆಕ್ಕ ಅವನಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ. ಮನೆ ಕಟ್ಟುವುದು ಮೂವತ್ತು ನಲವತ್ತು ವರ್ಷದ ಮಾತು. ವಾರಕ್ಕೆ ಎರಡು ದಿನ ಬಂದರೆ ಸಾಕು ಅನ್ನುವುದು ಕಂಪನಿಯ ಒಂದು ಸುತ್ತೋಲೆ, ಇನ್ನೊಂದು ಸುತ್ತೋಲೆಯಲ್ಲಿ ಅದು ಬದಲಾಗಬಹುದು. ಬದಲಾದ ದಿನ ಬೆಂಗಳೂರನ್ನು ನಂಬಿ ಕಟ್ಟಿದ ಮನೆಗೆ ಬೀಗ ಬೀಳುತ್ತದೆ. ಬೆಂಗಳೂರನ್ನೇ ನೋಡಿಕೊಂಡು ಹಾಕಿದ ಯೋಜನೆಗಳ ಗತಿ ಏನಾಗಿದೆ ಅನ್ನುವುದಕ್ಕೆ ನಮ್ಮ ಕಣ್ಣೆದುರಿಗೇ ಸಾಕ್ಷಿ ಇದೆ. 2006–07ರಲ್ಲಿ ಆಗಿನ ಸರ್ಕಾರ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಟೌನ್‌ಶಿಪ್‌ಗಳನ್ನು ಘೋಷಿಸಿತು. ಸೋಲೂರು ಇದೇ ನಮ್ಮ ರಸ್ತೆಯಲ್ಲೇ ಸಿಗುವ ಊರು, ಬೆಂಗಳೂರಿಗೆ ನಮಗಿಂತ ಎಷ್ಟೋ ಹತ್ತಿರ. ಅಲ್ಲಿಯೂ ಅಂದುಕೊಂಡ ಉಪನಗರ ಏಳಲಿಲ್ಲ. ಬಿಡದಿಯ ಯೋಜನೆಗೆ ಈಚೆಗೆ ಮತ್ತೆ ಜೀವ ಬಂದಾಗ ಅಲ್ಲಿನ ರೈತರು ಬೀದಿಗಿಳಿದರು. ನಗರದ ಬಾಗಿಲಲ್ಲೇ ಇಷ್ಟು ಕಷ್ಟವಾದರೆ 145 ಕಿಲೋಮೀಟರ್ ಆಚೆ ಬೆಂಗಳೂರಿನ ಹೆಸರು ಹೇಳಿ ಮಾರುವ ಸೈಟಿನಲ್ಲಿ ಮನೆ ಏಳುವುದು ಎಷ್ಟರ ಮಟ್ಟಿಗೆ? ಹೆದ್ದಾರಿಯ ಬದಿಯ ಬಡಾವಣೆಗಳಲ್ಲಿ ಒಮ್ಮೆ ಇಳಿದು ನೋಡಬೇಕು. ಕಮಾನು ನಿಂತಿರುತ್ತದೆ, ಒಳಗೆ ಟಾರು ಕಿತ್ತು ಜಲ್ಲಿ ಮೇಲೆದ್ದಿರುತ್ತದೆ, ಸೈಟಿನ ನಂಬರು ಬರೆದ ಬಿಳಿ ಕಲ್ಲುಗಳು ಪಾರ್ಥೇನಿಯಂ ಕಳೆಯಲ್ಲಿ ಮುಳುಗಿರುತ್ತವೆ. ರಾಗಿ ಬೆಳೆಯುತ್ತಿದ್ದ ನೆಲ ರಾಗಿಯನ್ನೂ ಬೆಳೆಯದೆ, ಮನೆಯನ್ನೂ ಕಾಣದೆ ವರ್ಷಗಟ್ಟಲೆ ಬಿದ್ದಿರುತ್ತದೆ. ನನಗೆ ಸಂಕಟವಾಗುವುದು ಅದನ್ನು ಕಂಡಾಗ.

ಕಿರಿಯ: ಅದು ಸೈಟು ಕೊಂಡು ಸುಮ್ಮನಿರುವವರ ತಪ್ಪು, ವಾಸಕ್ಕೆ ಬರುವವರದ್ದಲ್ಲ. ಸುತ್ತ ಕಾಂಪೌಂಡು, ಗೇಟಿಗೆ ಕಾವಲು, ತನ್ನದೇ ಬೋರ್‌ವೆಲ್, ತಿಂಗಳಿಗಿಷ್ಟು ಎಂದು ನಿರ್ವಹಣೆಯ ಹಣ ಕಟ್ಟುವ ಸಂಘ ಇದ್ದರೆ ಟೌನ್‌ಶಿಪ್ ತನ್ನ ಪಾಡಿಗೆ ತಾನು ನಡೆಯುತ್ತದೆ. ಪಂಚಾಯಿತಿಗೆ ಹೊರೆಯೇ ಇಲ್ಲ. ಊರಿನವರಿಗೆ ತೊಂದರೆ ಕೊಡದೆ ಬದುಕುವುದು ಒಳ್ಳೆಯದೇ ಅಲ್ಲವೇ?

ಹಿರಿಯ: ಕಾಂಪೌಂಡು ಎಷ್ಟು ಎತ್ತರ ಕಟ್ಟಿದರೂ ನೆಲದ ಕೆಳಗೆ ಅದು ಇರುವುದಿಲ್ಲವಲ್ಲ. ಬೋರ್‌ವೆಲ್ಲಿನ ಮಾತಿಗೇ ಬಾ, ಈ ವಾದದ ಮುಖ್ಯ ಭಾಗವೇ ಅದು. ಹಾಸನ ಜಿಲ್ಲೆ ಅಂದ ಕೂಡಲೇ ಹೊರಗಿನವರಿಗೆ ಸಕಲೇಶಪುರದ ಮಳೆ ನೆನಪಾಗುತ್ತದೆ. ಚನ್ನರಾಯಪಟ್ಟಣ ಬಯಲುಸೀಮೆ, ಮಳೆ ಕಡಿಮೆ. ಗೊರೂರಿನ ಹೇಮಾವತಿ ಜಲಾಶಯದ ಎಡದಂಡೆ ನಾಲೆ ತಾಲ್ಲೂಕಿನಲ್ಲಿ ಹರಿದರೂ ನೀರು ಎಲ್ಲ ಜಮೀನಿಗೂ ಹತ್ತುವುದಿಲ್ಲ. 2016–17ರ ಬರದಲ್ಲಿ ಇಲ್ಲಿ ಫಲ ಬಿಡುತ್ತಿದ್ದ ತೆಂಗಿನ ಮರಗಳೇ ಸುಳಿ ಒಣಗಿ ನಿಂತವು. ಈ ನೆಲದ ಮೇಲೆ ನೀನು ಹೇಳಿದ ಇನ್ನೂರು ಮನೆ ಇಡೋಣ. ಮನೆಗೆ ನಾಲ್ಕು ಜನ ಅಂದರೆ 800 ಜನ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ಯೋಜನೆ ಹಾಕುತ್ತಾರೆ. ಒಟ್ಟು 1,08,000 ಲೀಟರ್, ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅಳೆದರೆ ದಿನಕ್ಕೆ ಹದಿನೆಂಟು ಟ್ಯಾಂಕರ್. ಅದೇ ಹಳ್ಳಿಯ ಮನೆಗೆ ಜಲಜೀವನ್ ಮಿಷನ್ ಗೊತ್ತುಮಾಡಿರುವ ಪ್ರಮಾಣ ತಲೆಗೆ 55 ಲೀಟರ್. ಗೇಟಿನ ಒಳಗಿನವನಿಗೆ 135, ಹೊರಗಿನವನಿಗೆ 55, ನೀರು ಮಾತ್ರ ಒಂದೇ ಬಂಡೆಯ ಸೀಳಿನದು. ಬೇಸಿಗೆಯಲ್ಲಿ ಪಕ್ಕದ ತೋಟದ ಬೋರ್‌ವೆಲ್ ಬತ್ತಿದಾಗ ಆ ರೈತನಿಗೆ ಇನ್ನೂರೈವತ್ತು ಅಡಿ ಹೆಚ್ಚಿಗೆ ಕೊರೆಸಲು ಹಣ ಇರುವುದಿಲ್ಲ, ಸಂಘದ ಹತ್ತಿರ ಇರುತ್ತದೆ. ಇದನ್ನು ತನ್ನ ಪಾಡಿಗೆ ತಾನು ಬದುಕುವುದು ಅಂತ ಹೇಗೆ ಹೇಳಲಿ? ಶ್ರವಣಬೆಳಗೊಳದ ಹೆಸರಿನಲ್ಲೇ ಕೊಳ ಇದೆ; ಬೆಳ್ ಕೊಳ, ಬಿಳಿಯ ಕೊಳ. ಎರಡು ಬೆಟ್ಟಗಳ ನಡುವೆ ಮಳೆನೀರು ನಿಲ್ಲುವ ಜಾಗಕ್ಕೆ ಕಟ್ಟೆ ಕಟ್ಟಿ, ಮೆಟ್ಟಿಲು ಇಳಿಸಿ, ಎಲ್ಲರೂ ನೋಡುವ ಹಾಗೆ ಇಟ್ಟರು. ನೀರಿನ ಮಟ್ಟ ಇಳಿದರೆ ಊರಿಗೆಲ್ಲ ಕಾಣುತ್ತಿತ್ತು. ಬೋರ್‌ವೆಲ್ಲಿನಲ್ಲಿ ಎಷ್ಟು ಇಳಿಯಿತು ಅನ್ನುವುದು ಮೋಟಾರು ಗಾಳಿ ಎಳೆಯುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಟೌನ್‌ಶಿಪ್ ಬರಲಿ, ಆದರೆ ಚಾವಣಿಯ ಮಳೆನೀರು ಹಿಡಿದು, ಬಳಸಿದ ನೀರನ್ನು ಶುದ್ಧಮಾಡಿ ತೋಟಕ್ಕೆ ಬಿಟ್ಟು, ಊರಿಗೆ ಎಷ್ಟು ಪ್ರಮಾಣವೋ ತನಗೂ ಅಷ್ಟೇ ಎಂದು ಒಪ್ಪಿಕೊಂಡು ಬರಲಿ.

ಕಿರಿಯ: ನೀರಿನ ವಿಷಯ ಒಪ್ಪಿದೆ. ಆದರೆ ಜಮೀನು ಮಾರುವ ರೈತನ ಕಡೆಯಿಂದಲೂ ನೋಡಬೇಕು. ಒಂದು ಎಕರೆ ಅಂದರೆ ನಲವತ್ತು ಗುಂಟೆ, 43,560 ಚದರ ಅಡಿ. ರಸ್ತೆ, ಪಾರ್ಕಿಗೆಂದು ನೂರಕ್ಕೆ ನಲವತ್ತೈದು ಪಾಲು ಬಿಟ್ಟರೂ ಮೂವತ್ತು–ನಲವತ್ತರ ಇಪ್ಪತ್ತು ಸೈಟು ಸಿಗುತ್ತವೆ. ಹತ್ತು ಎಕರೆಯಲ್ಲಿ ನನ್ನ ಇನ್ನೂರು ಮನೆಯೂ ಆಯಿತು. ತೆಂಗು ಒಣಗಿದವನಿಗೆ, ಸಾಲ ಇರುವವನಿಗೆ, ಮಗಳನ್ನು ಓದಿಸಬೇಕಾದವನಿಗೆ ಅಷ್ಟು ಹಣ ಇನ್ನೆಲ್ಲಿಂದ ಬರಬೇಕು? 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ತೆಗೆದ ಮೇಲೆ ಕೃಷಿಕನಲ್ಲದವನೂ ಕೊಳ್ಳಬಹುದು. ರೈತ ಮಾರಬಾರದು ಅನ್ನುವುದಕ್ಕೆ ನಾವು ಯಾರು?

ಹಿರಿಯ: ಮಾರಬಾರದು ಅನ್ನುವ ಅಧಿಕಾರ ಯಾರಿಗೂ ಇಲ್ಲ, ನಾನು ಹಾಗನ್ನುವುದೂ ಇಲ್ಲ. ರೈತನಿಗೆ ಹಣ ಒಂದು ಸಲ ಬರುತ್ತದೆ. ಆಮೇಲೆ ಆ ನೆಲದ ಬೆಲೆ ವರ್ಷವರ್ಷ ಏರುತ್ತದಲ್ಲ, ಆ ಏರಿಕೆ ಯಾರ ಕೈಗೆ ಹೋಗುತ್ತದೆ ಎಂದಷ್ಟೇ ಕೇಳುತ್ತೇನೆ. ಈ ಪ್ರಶ್ನೆಗೆ ಉತ್ತರ ಜಿನನಾಥಪುರ ಹುಟ್ಟಿದ ಬಗೆಯಲ್ಲೇ ಇದೆ. ಇದು ತಾನಾಗಿ ಬೆಳೆದ ಹಳ್ಳಿಯಲ್ಲ, ಒಬ್ಬರು ಯೋಚಿಸಿ ಕಟ್ಟಿಸಿದ ಊರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುಮಾರು 1117ರಲ್ಲಿ ಬೆಳಗೊಳಕ್ಕೆ ಹತ್ತಿಕೊಂಡ ಹಾಗೆ ಇದನ್ನು ಮಾಡಿಸಿದ. ಈಗಿನ ಮಾತಿನಲ್ಲಿ ಹೇಳುವುದಾದರೆ ದೊಡ್ಡ ಕ್ಷೇತ್ರವೊಂದಕ್ಕೆ ನಡೆದು ಹೋಗಿಬರುವಷ್ಟು ದೂರದ ಉಪನಗರ. ಅದೇ ಗಂಗರಾಜ ತಲಕಾಡನ್ನು ಗೆದ್ದುಕೊಟ್ಟವನು. ದೊರೆ ಕೊಟ್ಟ ಪರಮ ಎಂಬ ಗ್ರಾಮವನ್ನು ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟ, ಗೋವಿಂದವಾಡಿಯನ್ನು ಗೊಮ್ಮಟನಿಗೆ ಬಿಟ್ಟ. ಅಂದರೆ ನೆಲದ ಹುಟ್ಟುವಳಿ ಊರಿನ ಎಲ್ಲರ ಕಣ್ಣಿಗೆ ಕಾಣುವ ಒಂದು ಸಂಸ್ಥೆಗೆ ಸೇರುವ ಹಾಗೆ ಕಟ್ಟು ಮಾಡಿ ಕಲ್ಲಿನಲ್ಲಿ ಬರೆಸಿದರು. ಆ ಹುಟ್ಟುವಳಿ ತೆತ್ತವನು ಉಳುವವನೇ, ಅವನ ಬದುಕು ಸುಖವಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ಆದರೆ ಹೊಸ ಊರು ಕಟ್ಟುವವನು ಅದರ ಮುಂದಿನ ನಿರ್ವಹಣೆಗೂ ಗಂಟು ಕಟ್ಟಿಟ್ಟು ಹೋಗಬೇಕು ಅನ್ನುವ ತಿಳಿವಳಿಕೆ ಆ ಕಾಲಕ್ಕೆ ಇತ್ತು. ಎಂಬತ್ತು ವರ್ಷದ ಮೇಲೆ, 1200ರ ಹೊತ್ತಿಗೆ, ರೇಚಿಮಯ್ಯ ಎಂಬ ದಂಡನಾಯಕ ಈ ಪುಟ್ಟ ಊರಿಗೆ ಬಂದು ಶಾಂತಿನಾಥ ಬಸದಿ ಕಟ್ಟಿಸಿದ. ಹೊರಗೋಡೆಯ ಹತ್ತಿರ ನಿಂತು ನೋಡು. ಚಿಕ್ಕಬೆಟ್ಟದ ಮೇಲಿನ ಬಸದಿಗಳ ಗೋಡೆ ಬಹುಮಟ್ಟಿಗೆ ಸರಳ. ಇಲ್ಲಿ ಬಳಪದ ಕಲ್ಲಿನ ಮೇಲೆ ಸುತ್ತಲೂ ಜಿನರು, ಯಕ್ಷ ಯಕ್ಷಿಯರು, ಸರಸ್ವತಿ ಸಾಲಾಗಿ ನಿಂತಿದ್ದಾರೆ, ಒಳಗೆ ತಿರುಗಣೆಯಲ್ಲಿ ಕಡೆದ ಕಂಬಗಳು. ಇಷ್ಟು ಕೆಲಸವನ್ನು ಬೆಟ್ಟದ ಮೇಲೆ ಮಾಡಿಸದೆ ಈ ಊರಿನ ನಡುವೆ ಮಾಡಿಸಿದರು. ಊರು ನಿಂತಿತು ಅನ್ನುವ ನಂಬಿಕೆ ಇಲ್ಲದೆ ಯಾರೂ ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ.

ನೆಲದ ಹುಟ್ಟುವಳಿ ಊರಿಗೇ ಸೇರಬೇಕು ಅನ್ನುವ ಈ ಮಾತನ್ನೇ ಹೆಚ್ಚುಕಡಿಮೆ ಎಂಟು ನೂರು ವರ್ಷದ ಮೇಲೆ ಇನ್ನೊಂದು ದೇಶದಲ್ಲಿ ಎಬೆನೆಜರ್ ಹೊವಾರ್ಡ್ ಬೇರೆ ದಾರಿಯಿಂದ ಬಂದು ಹೇಳಿದ. 1898ರಲ್ಲಿ ಅವನು ಉದ್ಯಾನನಗರದ ಪುಸ್ತಕ ಬರೆದ, 1903ರಲ್ಲಿ ಲಂಡನ್ನಿನ ಉತ್ತರಕ್ಕೆ ಲೆಚ್‌ವರ್ತ್ ಎಂಬ ಊರಿಗೆ ಗುದ್ದಲಿ ಬಿತ್ತು. ಮರಗಿಡ, ಅಗಲ ರಸ್ತೆಗಳನ್ನು ಮಾತ್ರ ಅವನಿಂದ ಕಲಿತವರು ಬಹಳ. ಅವನ ಯೋಚನೆಯ ಬೇರು ಬೇರೆ ಕಡೆ ಇತ್ತು. ನೆಲ ಒಟ್ಟಾಗಿ ಇರಬೇಕು, ಮನೆಗಳಿಗೆ ದೀರ್ಘ ಗುತ್ತಿಗೆಗೆ ಕೊಡಬೇಕು, ಬೆಲೆ ಏರಿದ ಲಾಭ ಊರಿನ ಶಾಲೆ ಆಸ್ಪತ್ರೆಗೆ ತಿರುಗಬೇಕು, ದುಡಿಮೆಯೂ ಊರೊಳಗೇ ಇರಬೇಕು. ಲೆಚ್‌ವರ್ತ್‌ನಲ್ಲಿ ಕಾರ್ಖಾನೆಗಳೂ ಬಂದವು. ಲಂಡನ್ನಿಗೆ ಹೋಗಿಬರುವವರು ಅಲ್ಲಿಯೂ ಇದ್ದಾರೆ, ಆದರೆ ಊರು ಅವರನ್ನೇ ನಂಬಿ ನಿಂತಿಲ್ಲ. ಆ ನೆಲದ ಬಾಡಿಗೆಯ ವರಮಾನ ಇವತ್ತಿಗೂ ಒಂದು ಪ್ರತಿಷ್ಠಾನದ ಮೂಲಕ ಆ ಊರಿಗೇ ಖರ್ಚಾಗುತ್ತದೆ. ನಮ್ಮಲ್ಲಿ ಇಷ್ಟು ದೂರ ಹೋಗುವುದು ಬೇಡ. ರೈತರು ಜಮೀನನ್ನು ಒಂದೇ ಸಲ ಮಾರಿ ಕೈತೊಳೆದುಕೊಳ್ಳುವ ಬದಲು ಅಭಿವೃದ್ಧಿಯಾದ ಸೈಟುಗಳಲ್ಲಿ ಪಾಲು ಇಟ್ಟುಕೊಳ್ಳಲಿ, ಅಂಗಡಿ ಸಾಲಿನ ಬಾಡಿಗೆ ಪಂಚಾಯಿತಿಗೆ ಸೇರಲಿ. ಇಷ್ಟಾದರೂ ಸಾಧ್ಯ.

ಕಿರಿಯ: ನೀವು ಊರು ಊರು ಅನ್ನುತ್ತೀರಿ. ಎಲ್ಲರಿಗೂ ಊರು ಹಿತವಾಗಿ ಇರುವುದಿಲ್ಲ ಮೇಷ್ಟ್ರೇ. 1948ರ ನವೆಂಬರಿನಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರ ವಿರುದ್ಧ ಎಷ್ಟು ಖಾರವಾಗಿ ಮಾತಾಡಿದರು. ಕೇರಿಯಲ್ಲಿ ಹುಟ್ಟಿ, ಓದಿ, ನಗರ ಸೇರಿದವನಿಗೆ ಗೇಟಿನ ಒಳಗಿನ ಮನೆ ಒಂದು ಬಿಡುಗಡೆ. ಅಲ್ಲಿ ಯಾವ ಬೀದಿ ನಿನ್ನದು ಎಂದು ಯಾರೂ ಕೇಳುವುದಿಲ್ಲ. ಅವನನ್ನು ಮತ್ತೆ ಊರಿನ ಲೆಕ್ಕಕ್ಕೆ ಸೇರಿಸುವುದು ನ್ಯಾಯವೇ?

ಹಿರಿಯ: ಇದುವರೆಗೆ ನೀನು ಹೇಳಿದ್ದರಲ್ಲಿ ತೂಕದ ಮಾತು ಇದೇ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಹಳೆಯ ಊರಿನ ಬೀದಿಗಳು ಜಾತಿಯ ಪ್ರಕಾರವೇ ಬಿದ್ದವು, ಗಂಗರಾಜನ ಕಾಲದ ಊರೂ ಅದಕ್ಕೆ ಹೊರತಾಗಿರಲಿಲ್ಲ. ಆದ್ದರಿಂದಲೇ ಹೊಸ ಬಡಾವಣೆಯಿಂದ ಒಂದು ಒಳ್ಳೆಯದಾಗಬಹುದು, ಅದನ್ನು ನಾನು ಮನಸಾರೆ ಬಯಸುತ್ತೇನೆ: ಯಾರು ಬೇಕಾದರೂ ಕೊಳ್ಳಬಹುದಾದ ಸೈಟು, ಎಲ್ಲರೂ ನಡೆಯುವ ಬೀದಿ, ಒಂದೇ ಕೊಳಾಯಿ. ಗೇಟಿನೊಳಗೆ ಬಂದ ನಾಲ್ಕು ಮನೆಯವರಿಗೆ ಬಿಡುಗಡೆ ಸಿಕ್ಕೀತು. ಅದೇ ಕೇರಿಯ ಉಳಿದವರು ಗೇಟಿನಲ್ಲಿ ಹೆಸರು ಬರೆಸಿ, ಕಸ ಗುಡಿಸಲು, ಪಾತ್ರೆ ತೊಳೆಯಲು ಮಾತ್ರ ಒಳಗೆ ಬರುವ ಹಾಗಾದರೆ ಹಳೆಯ ಕೇರಿಯ ಗೆರೆಯನ್ನೇ ಇಟ್ಟಿಗೆಯಲ್ಲಿ ಕಟ್ಟಿದಂತಾಯಿತು. ಓದಿ ಬಂದವನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇರಿಯ ನೀರಿನ ಪೈಪಿನ ಬಗ್ಗೆ ಕೇಳಿದರೆ ಪಂಚಾಯಿತಿ ಉತ್ತರ ಕೊಡಲೇಬೇಕಾಗುತ್ತದೆ. ಅವನು ಗೋಡೆಯ ಒಳಗೇ ಉಳಿದರೆ ಕೇಳುವವರು ಒಬ್ಬರು ಕಡಿಮೆಯಾದರು.

ಕಿರಿಯ: ಆದರೆ ಪಂಚಾಯಿತಿಯ ಕೈಲಿ ಇದೆಲ್ಲ ಆಗುತ್ತದೆಯೇ? ಬೀದಿದೀಪ ಕೆಟ್ಟರೆ ತಿಂಗಳು ಕಾಯಬೇಕು ಅನ್ನುವ ಮಾತು ಕೇಳುತ್ತಲೇ ಇರುತ್ತೇವೆ. ಜನ ಗೇಟು ಹುಡುಕಿಕೊಂಡು ಹೋಗುವುದು ಅದಕ್ಕೇ. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಬೆಳಗೊಳವೇ ಸಾಕ್ಷಿ, ಒಪ್ಪುತ್ತೇನೆ. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ಬೆಟ್ಟದ ಸುತ್ತಲಿನ ಬಯಲಿನಲ್ಲಿ ಉಪನಗರಗಳನ್ನೇ ಎಬ್ಬಿಸಿದರು. ರಸ್ತೆ, ನೀರು, ಶೌಚಾಲಯ, ದೀಪ, ಆಸ್ಪತ್ರೆ ಎಲ್ಲವೂ ಇತ್ತು. ಉತ್ಸವ ಮುಗಿದ ಮೇಲೆ ಬಿಚ್ಚಿದರು.

ಹಿರಿಯ: ಒಳ್ಳೆಯ ನಿದರ್ಶನ ಕೊಟ್ಟೆ. ಅಲ್ಲಿ ಮೊದಲು ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಬಸ್ಸು ಎಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡಿ ಆಮೇಲೆ ಡೇರೆ ಹೂಡಿದರು. ಖಾಸಗಿ ಬಡಾವಣೆಯಲ್ಲಿ ಮೊದಲು ಕಮಾನು ಏಳುತ್ತದೆ, ನೀರಿನ ಮಾತು ಕೊನೆಗೆ. ಆದರೆ ಉಪನಗರ ಇದ್ದದ್ದು ಕೆಲವು ವಾರ. ಮೂವತ್ತು ವರ್ಷ ನಡೆಸಲು ಜಿಲ್ಲಾಡಳಿತ ಡೇರೆ ಹಾಕಿಕೊಂಡು ಇಲ್ಲೇ ಕೂರಲಾಗದು, ಸ್ಥಳದಲ್ಲಿರುವ ಪಂಚಾಯಿತಿಯೇ ನಡೆಸಬೇಕು. ಅದರ ಕೈ ಬಡವಾಗಿದೆ ಅನ್ನುವುದು ನಿಜ. ಯಾಕೆ ಬಡವಾಗಿದೆ ನೋಡು. ಅನುಮೋದನೆ ಇಲ್ಲದ ರೆವಿನ್ಯೂ ಸೈಟುಗಳು, ಪೂರ್ತಿ ದಾಖಲೆಯಾಗದ ಮನೆಗಳು ಹೆಚ್ಚಿದಷ್ಟೂ ಬೇಡಿಕೆ ಬೆಳೆಯುತ್ತದೆ, ಕಂದಾಯ ಬೆಳೆಯುವುದಿಲ್ಲ. ಭೂಪರಿವರ್ತನೆ ಆಗಿ, ನಗರ ಮತ್ತು ಗ್ರಾಮಾಂತರ ಯೋಜನೆಯವರ ನಕ್ಷೆ ಆಗಿ, ಪಂಚಾಯಿತಿಯ ಆಸ್ತಿ ದಾಖಲೆಯಾದ ನಮೂನೆ 9 ಮತ್ತು 11 ಸರಿಯಾಗಿ ಸಿಕ್ಕ ಇನ್ನೂರು ಮನೆಗಳು ಬಂದರೆ ಸಣ್ಣ ಪಂಚಾಯಿತಿಯೊಂದರ ವರಮಾನದ ಚಿತ್ರವೇ ಬದಲಾಗುತ್ತದೆ. ಅನುಮೋದನೆಯಾದ ಬಡಾವಣೆಯ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಡಬೇಕೆಂದು ಕಾನೂನೇ ಹೇಳುತ್ತದೆ. ಬಿಟ್ಟುಕೊಟ್ಟ ರಸ್ತೆಗೆ ಆಮೇಲೆ ಗೇಟು ಹಾಕುವುದು ಹೇಗೆ ಸರಿಯಾದೀತು? ಆ ಪಾರ್ಕಿನಲ್ಲಿ ಜಿನನಾಥಪುರದ ಮಕ್ಕಳೂ ಆಡಲಿ, ಆ ಜಾಗದಲ್ಲಿ ಏಳುವ ಅಂಗನವಾಡಿಗೆ ಹೊಸಬರ ಮಕ್ಕಳೂ ಬರಲಿ. ಬಸದಿಯ ಸುತ್ತ ಎಚ್ಚರವೂ ಬೇಕು. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸ್ಮಾರಕ ರಕ್ಷಣೆಯ ಕಾಯ್ದೆಗೆ ಆದ 2010ರ ತಿದ್ದುಪಡಿಯ ಪ್ರಕಾರ ನೂರು ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಬೇಕು.

ಕಿರಿಯ: ಹಾಗಾದರೆ ಇಲ್ಲಿ ಮನೆ ಮಾಡಬೇಕೆಂದು ನಿಜವಾಗಿ ಬಯಸುವವರಿಗೆ ಏನು ಹೇಳುತ್ತೀರಿ?

ಹಿರಿಯ: ಬನ್ನಿ ಅನ್ನುತ್ತೇನೆ. ಹಾಸನದಲ್ಲೋ ಚನ್ನರಾಯಪಟ್ಟಣದಲ್ಲೋ ಕೆಲಸವಿರುವ ಉಪನ್ಯಾಸಕರು, ದಾದಿಯರು, ಬ್ಯಾಂಕಿನವರು, ವಾರದ ಹೆಚ್ಚು ದಿನ ಮನೆಯಲ್ಲೇ ಕೂತು ದುಡಿಯುವವರು, ನಿವೃತ್ತರು, ಹೊರಗೆ ಹೋಗಿದ್ದು ಹಿಂದಿರುಗಬೇಕೆನ್ನುವ ಈ ಸೀಮೆಯ ಮಕ್ಕಳು, ಎಲ್ಲರೂ ಬರಲಿ. ಒಂದೇ ಕೋರಿಕೆ. ಸೈಟು ತೋರಿಸುವವರು ಭಾನುವಾರ ಕಾರು ಕಳಿಸಿ ಕರೆದುಕೊಂಡು ಬರುತ್ತಾರೆ. ಅವತ್ತು ಕಾಣುವುದು ಬೆಟ್ಟ ಮತ್ತು ತೆಂಗಿನ ತೋಟ. ಗ್ರಾಮಸಭೆ ಆರು ತಿಂಗಳಿಗೆ ಒಂದು ಸಲವಾದರೂ ಸೇರಲೇಬೇಕು. ಮುಂಗಡ ಕೊಡುವ ಮುಂಚೆ ಆ ದಿನ ಬಂದು ಹಿಂದಿನ ಸಾಲಿನಲ್ಲಿ ಕೂತು, ಬೇಸಿಗೆಯಲ್ಲಿ ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಕೇಳಿಸಿಕೊಳ್ಳಿ.